ಕಿರುಬೆರಳು ಮುಟ್ಟಿದ ಕೀಲಿ

ಬೆಳಗಿನ ಮೊದಲ ಬಸ್ಸು ಮಂಡ್ಯ ಬಿಟ್ಟು ಮದ್ದೂರಿನ ದಾರಿ ಹಿಡಿಯಿತೆಂದರೆ ಚೂಡಾಮಣಿ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದಳು. ಅದು ನಿದ್ದೆಯಲ್ಲ. ತಾಯಿ ಪಂಕಜಮ್ಮ ಕತ್ತಲಿರುವಾಗಲೇ ಎದ್ದು, ಕಾಫಿ ಕೊಟ್ಟು, ಇಡ್ಲಿ ತಿನ್ನಿಸಿಯೇ ಮಗಳನ್ನು ಹೊರಡಿಸುತ್ತಿದ್ದರು. ಬಸ್ಸಿನ ಕಿಟಕಿಯಾಚೆ ಕಬ್ಬಿನ ಗದ್ದೆಗಳ ಮೇಲೆ ಇಬ್ಬನಿ ಹಾಸಿಕೊಂಡು ನೋಡಲು ಚೆಂದವಾಗಿಯೇ ಇರುತ್ತಿತ್ತು. ಚೂಡಾಮಣಿಗೆ ಅದಾವುದೂ ಕಾಣುತ್ತಿರಲಿಲ್ಲ. ‘ಇವತ್ತೊಂದು ದಿನ ನಿಲ್ಲದೆ ಓಡಿಬಿಡಲಪ್ಪಾ’ ಎಂದು ಸೋಮನಹಳ್ಳಿ ಬರುವವರೆಗೂ ಒಂದೇ ಸಮನೆ ಬೇಡಿಕೊಳ್ಳುತ್ತಿದ್ದಳು.

ಓಡಬೇಕಾಗಿದ್ದದ್ದು ಬಸ್ಸಲ್ಲ, ಕಂಪ್ಯೂಟರು.

ಅದು ಸಾವಿರದ ಒಂಬೈನೂರ ಎಪ್ಪತ್ತೆಂಟರ ಚಳಿಗಾಲ. ಸೋಮನಹಳ್ಳಿಯ ಆಚೆ ಹೊಸದಾಗಿ ಎದ್ದ ಸಕ್ಕರೆ ಕಾರ್ಖಾನೆಯೊಂದು ಆ ವರ್ಷ ಕಂಪ್ಯೂಟರೊಂದನ್ನು ತರಿಸಿತ್ತು. ಸುತ್ತಮುತ್ತಲಿನ ಯಾರೂ ಅಂಥದ್ದನ್ನು ಕಂಡವರಲ್ಲ. ನೋಡುವುದಕ್ಕೆ ಬಟ್ಟೆ ಇಡುವ ಕಬ್ಬಿಣದ ಬೀರುವಿನಂತೆ ಇದ್ದುದರಿಂದ ಕಾರ್ಖಾನೆಯವರೆಲ್ಲ ಅದನ್ನು ಬೀರು ಎಂದೇ ಕರೆಯುತ್ತಿದ್ದರು. ಬೀರುವಿಗೆ ಜೋಡಿಸಿದಂತೆ ಒಂದು ಭಾರಿ ಟೈಪು ಯಂತ್ರವಿತ್ತು. ಮನುಷ್ಯರು ಹೇಳಬೇಕಾದದ್ದನ್ನು ಆ ಯಂತ್ರದಲ್ಲಿ ಒತ್ತಬೇಕು. ಬೀರು ಕೊಡುವ ಉತ್ತರವನ್ನು ಅದೇ ಯಂತ್ರ ಉದ್ದನೆಯ ಕಾಗದದ ಮೇಲೆ ಕಟಕಟನೆ ಅಚ್ಚು ಹಾಕುತ್ತಿತ್ತು.

ಬೀರುವಿನ ಕೆಲಸ ಕಬ್ಬು ಕಡಿಯುವ ಸರದಿಯನ್ನು ಗೊತ್ತು ಮಾಡುವುದು. ಯಾರ ಗದ್ದೆ ಮೊದಲು ನಾಟಿಯಾಯಿತೋ ಅವರ ಕಬ್ಬಿಗೆ ಮೊದಲು ಕತ್ತಿ ಬೀಳಬೇಕು. ಹಾಗೆ ಸರದಿ ಬಂದ ರೈತರಿಗೆ ಕಾರ್ಖಾನೆಯಿಂದ ಕಟಿಂಗ್ ಆರ್ಡರ್ ಹೋಗಬೇಕು. ಊರೂರಿಗೆ ಅದನ್ನು ಮುಟ್ಟಿಸುವ ಫೀಲ್ಡ್‌ಮನ್ನರು ಬೆಳಿಗ್ಗೆಯೇ ಸೈಕಲ್ ಸಮೇತ ಕಿಟಕಿಯ ಹೊರಗೆ ಕಾದಿರುತ್ತಿದ್ದರು. ಆರ್ಡರ್ ತಡವಾದರೆ ಕಡಿಯುವ ಆಳುಗಳು ಬೇರೆ ಕಡೆ ಹೋಗಿಬಿಡುತ್ತಿದ್ದರು. ಗಾಡಿಗಳು ಬರುತ್ತಿರಲಿಲ್ಲ. ಅರೆಯುವ ಮಿಲ್ಲಿಗೆ ಕಬ್ಬಿಲ್ಲದೆ ಅದು ಬರಿದೇ ನಿಲ್ಲುತ್ತಿತ್ತು.

ಆ ಆರ್ಡರುಗಳನ್ನು ಬೀರುವಿನಿಂದ ಹೊರಡಿಸುವ ಕೆಲಸಕ್ಕೆ ಚೂಡಾಮಣಿಯನ್ನು ತಾತ್ಕಾಲಿಕವಾಗಿ ನೇಮಿಸಿಕೊಂಡಿದ್ದರು. ಅವಳ ತಂದೆ ಕಸ್ತೂರಿರಂಗಾಚಾರ್ಯರು ಮಂಡ್ಯದ ದೇವಸ್ಥಾನವೊಂದರಲ್ಲಿ ಅರ್ಚಕರಾಗಿದ್ದವರು. ಕಣ್ಣು ಮಂಜಾಗಿ ಮಂಗಳಾರತಿಯ ತಟ್ಟೆಯನ್ನೇ ತಡಕುವಂತಾದ ಮೇಲೆ ಪೂಜೆ ಬಿಟ್ಟು ಮನೆಯಲ್ಲಿ ಕುಳಿತರು. ಅಲ್ಲಿಂದ ಮನೆಯ ಭಾರ ಮಗಳದ್ದು. ಮೊದಲು ಕೋರ್ಟಿನ ಬಳಿ ಒಬ್ಬ ವಕೀಲರಲ್ಲಿ ಟೈಪಿಸ್ಟಾಗಿದ್ದಳು. ಅವರು ಮೈಸೂರಿಗೆ ಹೊರಟುಹೋದರು. ಹೀಗಾಗಿ ಈ ಕೆಲಸ ಕೈಬಿಟ್ಟರೆ ಅವಳಿಗೆ ಹೋಗಲು ಇನ್ನೊಂದು ಬಾಗಿಲಿರಲಿಲ್ಲ.

ಟೈಪಿಂಗಿನಲ್ಲಿ ಅವಳನ್ನು ಮೀರಿಸುವವರು ಮಂಡ್ಯದಲ್ಲಿ ಕಡಿಮೆ. ಪೇಟೆ ಬೀದಿಯ ಇನ್‌ಸ್ಟಿಟ್ಯೂಟಿನಲ್ಲಿ ರಾಮಾನುಜ ಮೇಷ್ಟ್ರು ಕೀಲಿಗಳ ಮೇಲೆ ಬಟ್ಟೆ ಹೊದಿಸಿ ಕಲಿಸಿದ ಕೈ ಅವಳದು. ಕಣ್ಣು ಪ್ರತಿಯ ಮೇಲೆ, ಬೆರಳು ಕೀಲಿಯ ಮೇಲೆ. ಒಂದು ಇನ್ನೊಂದನ್ನು ನೋಡುವ ಅಗತ್ಯವೇ ಇಲ್ಲ. ಬೀರುವಿನ ಮೇಲ್ವಿಚಾರಕನಾದ ಪಾರ್ಥಸಾರಥಿ ಬೆಂಗಳೂರಿನಲ್ಲಿ ತರಬೇತಾಗಿ ಬಂದ ಇಂಜಿನಿಯರು. ಅವನು ಎರಡೇ ಬೆರಳಿನಲ್ಲಿ, ಒಂದೊಂದು ಅಕ್ಷರವನ್ನೂ ಹುಡುಕಿ ಹುಡುಕಿ ಕುಟ್ಟುತ್ತಿದ್ದ. ಮೊದಲ ವಾರ ಚೂಡಾಮಣಿಯ ಕೈ ಓಡುವುದನ್ನು ಕಂಡು, “ನೀವು ಬಂದಿದ್ದು ನನ್ನ ಪುಣ್ಯ ಕಣ್ರೀ” ಎಂದಿದ್ದ.

ಆದರೆ ವಿಚಿತ್ರ ನೋಡಿ. ಪಾರ್ಥಸಾರಥಿ ಕುಟ್ಟಿದ ದಿನ, ಹೊತ್ತು ಹಿಡಿದರೂ, ಬೀರು ಸುಮ್ಮನೆ ಹೇಳಿದ ಕೆಲಸ ಮಾಡುತ್ತಿತ್ತು. ಚೂಡಾಮಣಿ ಕುಳಿತ ದಿನ ತಗಾದೆ ತೆಗೆಯುತ್ತಿತ್ತು. ಒಮ್ಮೆ ಅವಳು ಟೈಪು ಮಾಡಿದ ಸಾಲನ್ನೇ ನುಂಗಿ, ಅವಳು ಏನೂ ಹೇಳಲೇ ಇಲ್ಲವೆಂಬಂತೆ ಹೊಸ ಸಾಲಿಗೆ ಕಾಯುತ್ತಿತ್ತು. ಒಮ್ಮೆ ಅರ್ಧ ಊರಿನ ಆರ್ಡರ್ ಅಚ್ಚಾಗುತ್ತಿರುವಾಗ ಕೆಲಸವನ್ನು ಕೈಬಿಟ್ಟು, ಮುಂದೇನು ಎಂದು ಕೇಳುವ ಒಂದು ಚುಕ್ಕೆ ಮಾತ್ರ ಇಡುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದು: ಕಟಕಟನೆ ಬಡಿಯುತ್ತಿದ್ದ ಯಂತ್ರ ಇದ್ದಕ್ಕಿದ್ದಂತೆ ಸ್ತಬ್ಧವಾಗುವುದು. ಆಗ ಏನು ಒತ್ತಿದರೂ ಕಾಗದದ ಮೇಲೆ ಒಂದಕ್ಷರ ಮೂಡುತ್ತಿರಲಿಲ್ಲ. ಪಾರ್ಥಸಾರಥಿ ಓಡಿಬಂದು ಸ್ವಿಚ್ಚು ಆರಿಸಿ, ಮತ್ತೆ ಹಾಕಿ, ಅದರ ಕೆಲಸವನ್ನು ಅದಕ್ಕೆ ನೆನಪಿಸುವ ತೂತು ತೂತಿನ ಕಾಗದದ ಪಟ್ಟಿ ಉಣ್ಣಿಸಿ, ಮೊದಲ ಊರಿನಿಂದ ಎಲ್ಲವನ್ನೂ ತೊಡಗಬೇಕು. ಅಷ್ಟು ಹೊತ್ತಿಗೆ ಬಿಸಿಲು ಏರಿರುತ್ತಿತ್ತು.

ಕಿಟಕಿಯ ಹೊರಗಿನಿಂದ ಫೀಲ್ಡ್‌ಮನ್ ಮರಿಸಿದ್ದಯ್ಯ ಕೂಗುತ್ತಿದ್ದ: “ಏನಮ್ಮಣ್ಣಿ, ಮಲಗ್ಬುಡ್ತಾ ನಿಮ್ ಬೀರು? ಜೋಗುಳ ಗೀಗುಳ ಏನಾರ ಆಡ್ಬುಟ್ರಾ?”

ಹೊರಗಿನವರು ನಗುತ್ತಿದ್ದರು. ಕಾರ್ಖಾನೆಯ ಎಲೆಕ್ಟ್ರಿಷಿಯನ್ ಕೆಂಪಸಿದ್ದಯ್ಯ ಟೆಸ್ಟರ್ ಹಿಡಿದು ಬಂದು ಪ್ಲಗ್ಗಿಗೆ ಚುಚ್ಚಿ ನೋಡಿ, “ಕರೆಂಟು ಸರ್ಯಾಗೇ ಅದೆ ಕಣಮ್ಮ. ಸಿವನಸಮುದ್ರದಿಂದ ಇಲ್ಲೀಗಂಟ ಬಂದಿರೋ ಕರೆಂಟು, ನಿಮ್ ಬೀರೂಗೆ ಓಗಕೆ ಏನ್ ನಾಚ್ಕೆ ಅದ್ಕೆ?” ಎಂದು ಹೇಳಿ ಹೋಗುತ್ತಿದ್ದ.

ಚೂಡಾಮಣಿ ನಿಧಾನವಾಗಿ, ಎಣ್ಣೆ ಹೊಯ್ದಂತೆ ಟೈಪು ಮಾಡಿದ ದಿನ ಏನೂ ಆಗುತ್ತಿರಲಿಲ್ಲ. ಆದರೆ ಹಾಗೆ ಮಾಡಿದರೆ ಹೊತ್ತಿಗೆ ಸರಿಯಾಗಿ ಮುಗಿಯುತ್ತಿರಲಿಲ್ಲ. ಬೇಗ ಮುಗಿಸಲೆಂದು, ಒಂದು ಊರು ಅಚ್ಚಾಗುತ್ತಿರುವಾಗಲೇ ಮುಂದಿನ ಊರಿನ ಸಾಲನ್ನು ಟೈಪು ಮಾಡಿಟ್ಟುಬಿಡುತ್ತಿದ್ದಳು. ಅದೇ ಹೊತ್ತಿನಲ್ಲಿ ಬೀರು ಮುನಿಯುತ್ತಿತ್ತು. ‘ನನ್ನ ಕೈಯೇ ಅದಕ್ಕೆ ಆಗುವುದಿಲ್ಲವೋ ಏನೋ’ ಎಂದು ಅವಳಿಗೇ ಅನ್ನಿಸತೊಡಗಿತ್ತು. ಪಂಕಜಮ್ಮನಂತೂ ಯಾರದೋ ದೃಷ್ಟಿ ತಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದರು.

ಒಂದು ಶನಿವಾರ ಬೀರು ಎರಡು ಸಲ ಸ್ತಬ್ಧವಾಯಿತು. ಆರ್ಡರುಗಳು ಹೊರಡುವಾಗ ಊಟದ ಹೊತ್ತು. ಸಂಜೆ ಮಿಲ್ಲಿಗೆ ಕಬ್ಬು ಸಾಲದೆ ನಿಲ್ಲಿಸಬೇಕಾಯಿತು. ಕಬ್ಬಿನ ವಿಭಾಗದ ಅಧಿಕಾರಿ ಶಿವಯ್ಯನವರು ಬೀರುವಿನ ಕೋಣೆಗೇ ಬಂದರು. ಅವರು ಕೂಗಾಡುವವರಲ್ಲ. ಅದೇ ಇನ್ನೂ ಭಯ ಹುಟ್ಟಿಸುತ್ತಿತ್ತು.

“ಪಾರ್ಥಸಾರಥಿ, ಸೋಮವಾರ ಬೆಳಿಗ್ಗೆ ನಾನೇ ಬಂದು ನೋಡ್ತೀನಿ. ಅವತ್ತೂ ಹೀಗೇ ಆದ್ರೆ ಈ ಬೀರೂಗೆ ಬೀಗ ಹಾಕ್ಸಿಬಿಡಿ. ಗುಮಾಸ್ತರು ಹಿಂದಿನ ಹಾಗೆ ಕೈಯಲ್ಲೇ ಬರೀಲಿ” ಎಂದರು. ಬಾಗಿಲವರೆಗೆ ಹೋದವರು ತಿರುಗಿ, “ಆಮೇಲೆ ಈಯಮ್ಮನಿಗೆ ಕೊಡೋಕೆ ನಮ್ಮಲ್ಲಿ ಬೇರೆ ಕೆಲಸ ಇಲ್ಲ. ಅದನ್ನೂ ಈಗಲೇ ಹೇಳಿಬಿಡಿ” ಎಂದರು.

ಚೂಡಾಮಣಿ ಅಲ್ಲೇ ಎರಡು ಮಾರು ದೂರದಲ್ಲಿ ನಿಂತಿದ್ದಳು. ಪಾರ್ಥಸಾರಥಿ ಅದನ್ನು ಮತ್ತೆ ಹೇಳುವ ಅಗತ್ಯವಿರಲಿಲ್ಲ. ಅವನು ಕನ್ನಡಕ ತೆಗೆದು ಒರೆಸುತ್ತ ಕುಳಿತ.

ಮನೆಯಲ್ಲಿ ಅವಳು ಬಾಯಿ ಬಿಡಲಿಲ್ಲ. ಭಾನುವಾರ ಮಧ್ಯಾಹ್ನ ತಂದೆ ಒರಗಿಕೊಂಡಿದ್ದಾಗ ಮೆಲ್ಲನೆ ಎದ್ದು ಪೇಟೆ ಬೀದಿಗೆ ಹೋದಳು. ರಜೆಯಾದ್ದರಿಂದ ರಾಮಾನುಜ ಮೇಷ್ಟ್ರು ಒಬ್ಬರೇ ಕುಳಿತು, ಒಂದು ಟೈಪ್‌ರೈಟರಿನ ಹೊಟ್ಟೆಯೊಳಗಿನ ಧೂಳನ್ನು ಬ್ರಷ್ಷಿನಲ್ಲಿ ತೆಗೆಯುತ್ತಿದ್ದರು.

“ಏನಮ್ಮಾ, ಮುಖ ಹೀಗಿದೆ? ಅಪ್ಪ ಚೆನ್ನಾಗಿದ್ದಾರೆ ತಾನೆ?”

ಆ ಒಂದು ಮಾತಿಗೇ ಅವಳ ಕಣ್ಣು ತುಂಬಿತು. ಎಲ್ಲವನ್ನೂ ಹೇಳಿದಳು. ಮೇಷ್ಟ್ರಿಗೆ ಕಂಪ್ಯೂಟರಿನ ವಿಷಯ ಏನೂ ತಿಳಿಯಲಿಲ್ಲ. ತಿಳಿದಂತೆ ನಟಿಸಲೂ ಇಲ್ಲ.

“ಆ ಬೀರು ಏನು ಮಾಡುತ್ತೋ ನಾನರಿಯೆ. ನಿನ್ನ ಕೈ ಏನು ಮಾಡುತ್ತೆ, ಅದನ್ನ ಬೇಕಾದರೆ ನೋಡೋಣ. ಕೂತುಕೊ. ಅಲ್ಲಿ ದಿನಾ ಏನು ಟೈಪು ಮಾಡ್ತೀಯೋ ಅದನ್ನೇ ಮಾಡು, ಅಷ್ಟೇ ಜೋರಾಗಿ” ಎಂದರು.

ಚೂಡಾಮಣಿ ಕಾಗದ ಸಿಕ್ಕಿಸಿ ಶುರು ಮಾಡಿದಳು. ಮೇಷ್ಟ್ರು ಬೀದಿಯ ಕಡೆ ಮುಖ ಮಾಡಿ, ಬೆನ್ನು ಇವಳಿಗೆ ತೋರಿಸಿ ನಿಂತರು. ಯಾವ ಹುಡುಗಿ ಯಾವ ಬೆರಳನ್ನು ತಪ್ಪು ಕೀಲಿಗೆ ಹಾಕಿದಳೆಂದು ಸದ್ದಿನಲ್ಲೇ ಹೇಳುವುದು ಅವರ ಅಭ್ಯಾಸ. ಎರಡು ಸಾಲು ಮುಗಿಯುವಷ್ಟರಲ್ಲಿ ಕೇಳಿದರು:

“ಲಾಕ್ ಯಾಕೆ ಒತ್ತುತಾ ಇದ್ದೀಯ?”

“ಒತ್ತಲಿಲ್ಲ ಸಾರ್.”

“ಒತ್ತಿದೆ ಕಣಮ್ಮ. ಕಾಗದ ನೋಡು.”

ನೋಡಿದಳು. ಸಾಲುಗಳೆಲ್ಲ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿದ್ದವು. ಟೈಪ್‌ರೈಟರಿನಲ್ಲಿ ದೊಡ್ಡ ಅಕ್ಷರಗಳು ಒಂದರ ಹಿಂದೆ ಒಂದು ಬರಬೇಕಾದರೆ ಎಡಗೈಯ ಕಿರುಬೆರಳಿನಿಂದ ಶಿಫ್ಟ್ ಲಾಕನ್ನು ಒತ್ತಬೇಕು. ವಕೀಲರ ದಾವೆಗಳಿಗೆ ತಲೆಬರಹ ಹಾಕಿ ಹಾಕಿ ಆ ಬೆರಳಿಗೆ ಅದು ರೂಢಿಯಾಗಿಬಿಟ್ಟಿತ್ತು. ದೊಡ್ಡ ಅಕ್ಷರ ಎಂದು ಮನಸ್ಸು ಅನ್ನುವ ಮುಂಚೆಯೇ ಬೆರಳು ಅಲ್ಲಿಗೆ ಹೋಗಿ ಬರುತ್ತಿತ್ತು.

“ಅಲ್ಲಿಯ ಯಂತ್ರದಲ್ಲಿ ಲಾಕ್ ಹೇಗಿದೆ?” ಎಂದರು ಮೇಷ್ಟ್ರು.

“ಅದರಲ್ಲಿ ಲಾಕೇ ಇಲ್ಲ ಸಾರ್. ಅದಕ್ಕೆ ದೊಡ್ಡ ಅಕ್ಷರ ಬಿಟ್ಟರೆ ಬೇರೆ ಗೊತ್ತೇ ಇಲ್ಲ.”

“ಹಾಗಾದರೆ ಲಾಕಿನ ಜಾಗದಲ್ಲಿ ಏನಿದೆ?”

“ಅಲ್ಲಿ ಬೇರೆ ಕೀಲಿ ಇದೆ ಸಾರ್” ಎಂದಳು ಚೂಡಾಮಣಿ. ಅವಳ ಕಣ್ಣ ಮುಂದೆ ಆ ಕೀಲಿ ಬಂದು ನಿಂತಿತು. ಎ ಅಕ್ಷರದ ಎಡಕ್ಕೆ, ಕಂಟ್ರೋಲ್ ಎಂದು ಬರೆದ ಕೀಲಿ. ಯಂತ್ರ ಕೂರಿಸಲು ಬಂದ ಕಂಪನಿಯ ಮನುಷ್ಯ, ಅದರ ಗೊಡವೆಗೆ ಹೋಗಬೇಡಿ ಎಂದಷ್ಟೇ ಹೇಳಿದ್ದ. ಅದನ್ನು ಒಂದು ದಿನವೂ ತಾನು ಮುಟ್ಟಿಲ್ಲವೆಂದೇ ಅವಳು ನಂಬಿದ್ದಳು.

“ಬೆರಳು ಅದನ್ನ ಒತ್ತಿ ಬಿಟ್ಟು, ಆಮೇಲೆ ಮುಂದಿನ ಅಕ್ಷರಕ್ಕೆ ಹೋದರೆ ಚಿಂತೆಯಿಲ್ಲವೇನೋ. ಆತುರದಲ್ಲಿ ನೀನು ಅದನ್ನ ಬಿಡೋದಕ್ಕೆ ಮುಂಚೆಯೇ ಮುಂದಿನ ಅಕ್ಷರ ಹೊಡೀತಾ ಇದ್ದೀಯ. ಎರಡೂ ಒಟ್ಟಿಗೆ ಬೀಳುತ್ತೆ” ಎಂದು ಹೇಳಿ, ಮೇಷ್ಟ್ರು ಹಳೆಯ ಪಂಚೆಯ ಅಂಚನ್ನು ಹರಿದು ಅವಳ ಕಿರುಬೆರಳಿಗೆ ಸುತ್ತಿ ಕಟ್ಟಿದರು. “ಇದು ಇರಲಿ. ಮುಟ್ಟಿದರೆ ನಿನಗೆ ತಿಳಿಯುತ್ತೆ.”

ಸಮಾಧಾನವಾಗಬೇಕಾಗಿತ್ತು. ಆಗಲಿಲ್ಲ. ಇಷ್ಟು ದಿನ ತಪ್ಪು ಬೀರುವಿನದೋ, ಕರೆಂಟಿನದೋ, ದೃಷ್ಟಿಯದೋ ಆಗಿರಬಹುದಿತ್ತು. ಈಗ ಅದು ತನ್ನದೇ ಮೈಯ ತುದಿಯಲ್ಲಿ ಕುಳಿತಿತ್ತು. ಮಾತು ಕೇಳದ ಬೆರಳನ್ನು ಒಂದು ರಾತ್ರಿಯಲ್ಲಿ ಹೇಗೆ ತಿದ್ದುವುದು?

ಸೋಮವಾರ ಬಟ್ಟೆ ಸುತ್ತಿದ ಬೆರಳನ್ನು ಮಡಿಸಿಕೊಂಡೇ ಬಸ್ಸಿಳಿದಳು. ಪಾರ್ಥಸಾರಥಿಯೂ ಅವತ್ತು ಬೇಗ ಬಂದಿದ್ದ. ಮೊದಲ ಊರುಗಳು ಚೆನ್ನಾಗಿಯೇ ಹೋದವು. ಕಿರುಬೆರಳು ಕೀಲಿಯ ಕಡೆ ಸರಿದಾಗಲೆಲ್ಲ ಬಟ್ಟೆಯ ಗಂಟು ತಾಗುತ್ತಿತ್ತು. ಅವಳು ಎಚ್ಚೆತ್ತು ಹಿಂದಕ್ಕೆ ತೆಗೆಯುತ್ತಿದ್ದಳು. ಕಿಟಕಿಯಲ್ಲಿ ಮರಿಸಿದ್ದಯ್ಯ, “ಪರ್ವಾಗಿಲ್ವೆ, ಇವತ್ತು ಎದ್ದದೆ ಬೀರು” ಎಂದು ಬೀಡಿ ಹಚ್ಚಿದ.

ಅಷ್ಟರಲ್ಲಿ ಗೇಟಿನ ಕಡೆ ಜೀಪಿನ ಹಾರನ್ ಕೇಳಿಸಿತು. ಶಿವಯ್ಯನವರ ಜೀಪು.

ಇನ್ನೂ ಊರುಗಳು ಬಾಕಿಯಿದ್ದವು. ಅಚ್ಚಾಗುತ್ತಿದ್ದದ್ದು ಮುಗಿಯುವ ಮುಂಚೆಯೇ ಮುಂದಿನದನ್ನು ಹೇಳಿಬಿಡೋಣವೆಂದು ಚೂಡಾಮಣಿಯ ಕೈ ಓಡಿತು. ಆ ಸಾಲು ಸಾರ್ಟ್ ಎಂಬ ಪದದಿಂದ ಶುರುವಾಗುವುದು, ಅಂದರೆ ಸರದಿಯಂತೆ ಜೋಡಿಸು ಎಂದು. ಕಿರುಬೆರಳು ಬಟ್ಟೆಯ ಸಮೇತ ಕೆಳಗಿಳಿದದ್ದು ಅವಳಿಗೆ ತಿಳಿಯಿತು. ತಿಳಿಯುವ ಹೊತ್ತಿಗೆ ಪಕ್ಕದ ಬೆರಳು ಎಸ್ ಅಕ್ಷರವನ್ನು ಹೊಡೆದಾಗಿತ್ತು.

ಯಂತ್ರ ಸ್ತಬ್ಧವಾಯಿತು.

“ಓಯ್ತು ಕಣ್ಲಾ” ಎಂದ ಮರಿಸಿದ್ದಯ್ಯ, ಯಾರಿಗೋ, ಮೆಲ್ಲನೆ. ಆ ಹೊತ್ತಿಗೆ ಅವನಿಗೂ ತಮಾಷೆ ಬೇಡವೆನಿಸಿತ್ತೇನೋ.

ಪಾರ್ಥಸಾರಥಿ ಎದ್ದು ಸ್ವಿಚ್ಚಿಗೆ ಕೈಚಾಚಿದ.

“ಆರಿಸಬೇಡಿ ಸಾರ್” ಎಂದಳು ಚೂಡಾಮಣಿ.

ಅವಳು ಅವನಿಗೆ ಬೇಡ ಎಂದದ್ದು ಅದೇ ಮೊದಲು. ಅವನ ಕೈ ಅಲ್ಲೇ ನಿಂತಿತು.

ಅವಳ ತಲೆ ಒಂದು ದಾರವನ್ನು ಹಿಡಿದು ಎಳೆಯುತ್ತಿತ್ತು. ಕಂಟ್ರೋಲಿನ ಜೊತೆ ಎಸ್ ಬಿದ್ದರೆ ಸ್ತಬ್ಧ. ಹಿಂದೆ ಅರ್ಧದಲ್ಲಿ ಕೆಲಸ ಕೈಬಿಟ್ಟು ಚುಕ್ಕೆ ಇಟ್ಟಾಗ ತಾನು ಟೈಪು ಮಾಡುತ್ತಿದ್ದ ಪದ ಯಾವುದು? ಕಟ್. ಅಂದರೆ ಸಿ. ಸಾಲನ್ನು ನುಂಗಿದಾಗ? ಅಪ್‌ಡೇಟ್. ಅಂದರೆ ಯು. ಒಂದೊಂದು ಅಕ್ಷರಕ್ಕೆ ಒಂದೊಂದು ಅಪ್ಪಣೆ! ಬೀರು ಮುನಿಯುತ್ತಿರಲಿಲ್ಲ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿತ್ತು. ನಿಲ್ಲು ಎನ್ನಲು ಒಂದಕ್ಷರವಿದ್ದ ಮೇಲೆ, ಮುಂದೆ ನಡೆ ಎನ್ನಲೂ ಒಂದು ಇರಲೇಬೇಕು.

ಯಾವುದು? ಸಿ ಒತ್ತಿದರೆ ಕೆಲಸವೇ ಹಾಳು. ಬೇರೆಯವುಗಳಲ್ಲಿ ಅದಕ್ಕಿಂತ ಕೆಟ್ಟದ್ದಿದ್ದರೆ? ಜೀಪು ನಿಂತ ಸದ್ದಾಯಿತು.

ಚೂಡಾಮಣಿ ಇನ್‌ಸ್ಟಿಟ್ಯೂಟಿನ ಮೊದಲ ದಿನದ ಪಾಠದಂತೆ ನಡುಸಾಲಿನಿಂದ ಶುರು ಮಾಡಿದಳು. ಕಂಟ್ರೋಲನ್ನು ಕಿರುಬೆರಳಿನಲ್ಲಿ ಅದುಮಿ ಹಿಡಿದು, ಬಲಗೈಯನ್ನು ಈಚೆ ತಂದು, ಕೀಲಿಗಳನ್ನು ನೋಡಿಕೊಂಡೇ ಒತ್ತಿದಳು. ಮೇಷ್ಟ್ರು ಕಂಡಿದ್ದರೆ ಕೈಮೇಲೆ ಸ್ಕೇಲಿನಿಂದ ಹೊಡೆಯುತ್ತಿದ್ದರು. ಎ. ಏನೂ ಇಲ್ಲ. ಎಸ್ ಬಿಟ್ಟಳು. ಡಿ. ಎಫ್. ಜಿ. ಎಡಗೈಯ ನಡುಸಾಲು ಮುಗಿದರೂ ಏನೂ ಇಲ್ಲ. ಜಗಲಿಯ ಮೇಲೆ ಬೂಟಿನ ಸದ್ದು. ಮೇಲಿನ ಸಾಲಿಗೆ ಹೋದಳು. ಅದರ ಮೊದಲ ಅಕ್ಷರ ಕ್ಯೂ.

ಕಟಕಟಕಟ ಎಂದು ಯಂತ್ರ ಬಡಿಯತೊಡಗಿತು. ನಿಂತ ಪದದ ನಡುವಿನಿಂದಲೇ, ಒಂದಕ್ಷರವೂ ತಪ್ಪದೆ.

ಪಾರ್ಥಸಾರಥಿ ಸ್ವಿಚ್ಚಿನ ಪಕ್ಕದಲ್ಲಿ ಬಾಯಿ ತೆರೆದು ನಿಂತಿದ್ದಂತೆಯೇ ಶಿವಯ್ಯನವರು ಒಳಗೆ ಬಂದರು.

“ನಡೀತಾ ಇದೆಯಲ್ಲ?”

“ನಡೀತಾ ಇದೆ ಸಾರ್” ಎಂದ ಪಾರ್ಥಸಾರಥಿ.

ಕೊನೆಯ ಊರಿನ ಆರ್ಡರ್ ಅಚ್ಚಾಗಿ, ಮರಿಸಿದ್ದಯ್ಯ ಅದನ್ನು ಮಡಿಸಿ ಜೇಬಿಗಿಟ್ಟು ಸೈಕಲ್ ಹತ್ತುವವರೆಗೂ ಶಿವಯ್ಯನವರು ಕುರ್ಚಿಯಲ್ಲಿ ಕುಳಿತೇ ಇದ್ದರು. ಆಮೇಲೆ ಗಡಿಯಾರ ನೋಡಿ, ಏಳಲು ಹೋದರು. ಅವರು ಎದ್ದು ಹೋಗಿಬಿಟ್ಟರೆ ಎಲ್ಲವೂ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಾಳೆ ಬೆರಳು ಮತ್ತೆ ಜಾರಿದರೆ? ಜಾರದಿದ್ದರೂ ಆ ಭಯವನ್ನು ಹೊತ್ತು ದಿನಾ ಬಸ್ಸು ಹತ್ತುವುದು ಸಾಧ್ಯವೇ?

“ಸಾರ್, ಇಷ್ಟು ದಿನ ಇದನ್ನ ನಿಲ್ಲಿಸ್ತಾ ಇದ್ದದ್ದು ನಾನೇ” ಎಂದಳು.

ಅವಳು ತಡವರಿಸುತ್ತ ಎಲ್ಲವನ್ನೂ ಹೇಳಿದಳು: ಲಾಕು, ಕಿರುಬೆರಳು, ಒಟ್ಟಿಗೆ ಬೀಳುವ ಎರಡು ಕೀಲಿ. ಶಿವಯ್ಯನವರು ಕೇಳಿ ಮುಗಿಸಿ ಪಾರ್ಥಸಾರಥಿಯ ಕಡೆ ತಿರುಗಿದರು.

“ನಿಮಗೆ ಗೊತ್ತಿರಲಿಲ್ವೇನ್ರೀ ಇದು?”

“ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಆ ಕೀಲಿಗೇ ಒಂದು ಅಧ್ಯಾಯ ಇದೆ ಸಾರ್” ಎಂದ ಅವನು, ಕಿವಿ ಕೆಂಪಗೆ ಮಾಡಿಕೊಂಡು. “ಅದನ್ನ ಹಂಗಾಮು ಮುಗಿದ ಮೇಲೆ ಓದೋಣ ಅಂತ ಬಿಟ್ಟಿದ್ದೆ. ಅವರು ಅದನ್ನ ಮುಟ್ಟುತಾರೆ ಅಂತ ನನಗೂ ಹೊಳೀಲಿಲ್ಲ.”

“ಸರಿಹೋಯ್ತು” ಎಂದರು ಶಿವಯ್ಯನವರು. ಅದು ಕೋಪವೋ ಅಲ್ಲವೋ ತಿಳಿಯಲಿಲ್ಲ. “ಎಲ್ಲಿ, ನಿಲ್ಲಿಸಿ ತೋರಿಸಮ್ಮ.”

ಅವಳು ಒಂದು ಊರಿನದನ್ನು ಮತ್ತೆ ಅಚ್ಚಿಗೆ ಬಿಟ್ಟು, ನಿಲ್ಲಿಸಿದಳು, ಮತ್ತೆ ಓಡಿಸಿದಳು. ಶಿವಯ್ಯನವರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು.

“ನಾನು ಒತ್ತಿದರೂ ನಿಲ್ಲುತ್ತಾ?”

“ನಿಲ್ಲುತ್ತೆ ಸಾರ್. ಮೊದಲು ಇದನ್ನ ಅದುಮಿ ಹಿಡ್ಕೊಳ್ಳಿ. ಬಿಡಬೇಡಿ. ಈಗ ಅದನ್ನ ಒತ್ತಿ.”

ಅವರ ದಪ್ಪ ಬೆರಳಿಗೆ ಎಸ್ ಜೊತೆ ಪಕ್ಕದ ಕೀಲಿಯೂ ಸಿಕ್ಕಿಬಿಟ್ಟಿತು. ಮೂರನೆಯ ಸಲಕ್ಕೆ ಯಂತ್ರ ನಿಂತಿತು. ಕ್ಯೂ ಒತ್ತಿದಾಗ ಅದು ಒಮ್ಮೆಗೇ ಬಡಿದುಕೊಂಡ ಸದ್ದಿಗೆ ಅವರು ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡರು. ಕಿಟಕಿಯಲ್ಲಿ ಇಣುಕುತ್ತಿದ್ದ ಎಲೆಕ್ಟ್ರಿಷಿಯನ್ ಕೆಂಪಸಿದ್ದಯ್ಯ, “ಕಚ್ಚಲ್ಲ ಬುಡಿ ಸಾ” ಎಂದ. ಶಿವಯ್ಯನವರು ನಕ್ಕದ್ದನ್ನು ಚೂಡಾಮಣಿ ನೋಡಿದ್ದು ಅವತ್ತೇ ಮೊದಲು.

ಎದ್ದು ಹೊರಡುವಾಗ ಅವರು ಕೇಳಿದರು: “ಬೇಕಾದಾಗ ನಿಲ್ಲಿಸಿ, ಬೇಕಾದಾಗ ಓಡಿಸಬಹುದು ಅಂದ ಮೇಲೆ, ಕಾಗದ ಸಿಕ್ಕಿಹಾಕ್ಕೊಂಡ್ರೂ ಮೊದಲಿಂದ ಶುರು ಮಾಡೋದು ತಪ್ಪುತ್ತೆ, ಅಲ್ವೆ?”

“ತಪ್ಪುತ್ತೆ ಸಾರ್” ಎಂದಳು ಚೂಡಾಮಣಿ.

“ಹಾಗಾದ್ರೆ ಬೀಗ ಬೇಡ. ಮುಂದಿನ ಹಂಗಾಮಿಗೂ ಬೀರು ಇಲ್ಲೇ ಇರಲಿ. ನೀವೂ ಅಷ್ಟೆ.”

ಅವರು ಹೋದ ಮೇಲೆ ಚೂಡಾಮಣಿ ಕುಳಿತು ಒಂದು ಲೋಟ ನೀರು ಕುಡಿದಳು. ಪಾರ್ಥಸಾರಥಿ ತನ್ನ ಡ್ರಾಯರಿನ ಬೀಗ ತೆಗೆದು ಆ ದಪ್ಪ ಪುಸ್ತಕವನ್ನು ಮೇಜಿನ ಮೇಲೆ ತಂದಿಟ್ಟ. “ನೀವೂ ಓದಿ. ನಾನೊಬ್ಬನೇ ಓದಿದರೆ ಮತ್ತೆ ಯಾವುದನ್ನಾದರೂ ಬಿಟ್ಟುಬಿಡ್ತೀನಿ” ಎಂದ.

ಆ ಹಂಗಾಮು ಮುಗಿಯುವವರೆಗೂ ಆರ್ಡರುಗಳು ಹೊರಟ ಮೇಲೆ ಇಬ್ಬರೂ ಕುಳಿತು ಆ ಅಧ್ಯಾಯವನ್ನು ಒಂದೊಂದು ಅಕ್ಷರವಾಗಿ ಪರೀಕ್ಷಿಸಿದರು. ತಪ್ಪಿದ ಸಾಲನ್ನು ಒಂದೇ ಸಲಕ್ಕೆ ಅಳಿಸಲು ಯು. ದಾರಿ ತಪ್ಪಿದ ಕೆಲಸವನ್ನು ಕೈಬಿಡಿಸಲು ಸಿ. ಬೇಡದ ಅಚ್ಚನ್ನು ಸುಮ್ಮನಾಗಿಸಲು ಓ. ಉದ್ದುದ್ದ ಅಪ್ಪಣೆಗಳನ್ನು ಪೂರ್ತಿ ಬರೆಯಬೇಕಾಗಿಲ್ಲ, ಮೊದಲಿನ ಎರಡು ಮೂರು ಅಕ್ಷರ ಕೊಟ್ಟರೆ ಬೀರು ಅರ್ಥಮಾಡಿಕೊಳ್ಳುತ್ತದೆ ಎಂಬುದೂ ಆಗಲೇ ತಿಳಿಯಿತು. ಪ್ರತಿ ಹೊಸ ಕೀಲಿಯನ್ನು ಒತ್ತುವ ಮುಂಚೆ ಚೂಡಾಮಣಿ ಅದರ ವಿವರವನ್ನು ಎರಡು ಸಲ ಓದುತ್ತಿದ್ದಳು. ಆ ಅಂಜಿಕೆ ಅವಳಿಗೆ ಕೊನೆಯವರೆಗೂ ಹೋಗಲಿಲ್ಲ.

ಒಂದು ಅಕ್ಷರದ ಮುಂದೆ ಮಾತ್ರ ಪುಸ್ತಕದವರು ವಿವರ ಬರೆಯದೆ, ಎಚ್ಚರದಿಂದ ಬಳಸಿ ಎಂದಷ್ಟೇ ಅಚ್ಚು ಹಾಕಿದ್ದರು. ಪಾರ್ಥಸಾರಥಿ ಅವಳ ಮುಖ ನೋಡಿದ. ಅವಳು ಅವನ ಮುಖ ನೋಡಿದಳು.

“ಕಬ್ಬು ಅರೆದು ಮುಗೀಲಿ ಸಾರ್” ಎಂದು ಅವಳು ಪುಟ ಮಗುಚಿದಳು.